ಒಂದು ಮೊರ ಶೇಂಗಾ

ಮೊಳಕಾಲ್ಮೂರು
12 ಮೇ 2025

ಪ್ರೀತಿಯ ಅಪ್ಪ,

ನೋಡಿ, ಬರೆಯುತ್ತಿದ್ದೇನೆ! ಮದುವೆ ಮುಗಿದು ನಾನು ಕಾರು ಹತ್ತುವಾಗ ಎಲ್ಲರ ಅಪ್ಪಂದಿರ ಹಾಗೆ ಅಳುವುದು ಬಿಟ್ಟು ನೀವು ಹೇಳಿದ್ದು ಏನು? "ಫೋನಿನಾಗೆ ನೀನು ಮಾತಿಗಿಂತ ಮೊದ್ಲು ನಗ್ತೀಯ. ವರ್ಕ್‌ಶಾಪಿನ ಗದ್ದಲದಾಗೆ ನಂಗೆ ನಗು ಕೇಳ್ತೈತೆ, ವಿಷಯ ಕೇಳಲ್ಲ. ಕಾಗದ ಬರಿ. ಕನ್ನಡದಾಗೆ ಬರಿ." ಇಂಗ್ಲಿಷ್ ಮೀಡಿಯಂ ಹುಡುಗಿಯ ಒತ್ತಕ್ಷರ ತಪ್ಪಿದರೆ ಆ ಶಾಲೆಗೆ ಸೇರಿಸಿದವರೇ ಹೊಣೆ. ನಾನಲ್ಲ.

ಈ ಕಾಗದವನ್ನು ತರುವವರು ರಾಂಪುರ–ಚಳ್ಳಕೆರೆ ಬಸ್ಸಿನ ಕಂಡಕ್ಟರ್ ಹೊನ್ನೂರಸ್ವಾಮಿ. ನಿಮ್ಮ ಅಳಿಯ ರಾಂಪುರದ ಹೈಸ್ಕೂಲಿಗೆ ಬೈಕು ಕೆಟ್ಟಾಗಲೆಲ್ಲ ಅದೇ ಬಸ್ಸಿನಲ್ಲಿ ಹೋಗುವುದರಿಂದ ಒಳ್ಳೆಯ ಸ್ನೇಹ. "ಪೋಸ್ಟಿಗಿಂತ ಬೇಗ ಮುಟ್ಟಿಸ್ತೀನಮ್ಮ. ಆದ್ರೆ ಒಳ್ಳೆ ಸುದ್ದಿ ಮಾತ್ರ ಬರಿ. ನಂದು ಹಳೇ ಬಸ್ಸು, ಭಾರ ತಡಿಯಲ್ಲ" ಎಂದರು. ಸದ್ಯಕ್ಕೆ ಒಳ್ಳೆಯ ಸುದ್ದಿಯೇ ಬೇಕಾದಷ್ಟಿದೆ. ನಿಮ್ಮ ಅಳಿಯ ಲೆಕ್ಕದ ಮೇಷ್ಟ್ರಾದರೂ ನಕ್ಕರೆ ಕಿವಿ ಕೂಡ ನಗುತ್ತವೆ, ಅಪ್ಪ! ಮದುವೆ ಫೋಟೋದಲ್ಲಿ ಹತ್ತಿರದಿಂದ ನೋಡಿ, ಗೊತ್ತಾಗುತ್ತದೆ.

ಅತ್ತೆಯವರ ಸಂಗತಿಯೇ ವಿಚಿತ್ರ. ತಿಪ್ಪೇರುದ್ರಮ್ಮ ಎಂಬ ಅಷ್ಟುದ್ದದ ಹೆಸರಿಟ್ಟುಕೊಂಡು ಮನೆಯಲ್ಲಿ ಆಡುವುದು ಮೂರೋ ನಾಲ್ಕೋ ಮಾತು. ಬಾ. ಉಣ್ಣು. ಬಾಗಿಲು ಹಾಕು. ನನ್ನಿಂದ ಏನು ತಪ್ಪಾಯಿತೋ ಎಂದು ಮೊದಲ ವಾರ ಹೆದರಿ ಸತ್ತೆ. ಆಮೇಲೆ ಒಂದು ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ನಮ್ಮ ಪಡಸಾಲೆಗೆ ಬಂದರು. ಬಿತ್ತನೆ ಶೇಂಗಾ ಸುಲಿಯುವ ಕಾಲವಲ್ಲವೇ, ಅದಕ್ಕೆ. ಇದಕ್ಕೆ ಮುಯ್ಯಿ ಎನ್ನುತ್ತಾರೆ. ಇವತ್ತು ಅವರೆಲ್ಲ ನಮ್ಮ ಮನೆಯ ಕಾಯಿ ಸುಲಿದುಕೊಟ್ಟರೆ ಮುಂದೆ ನಾವು ಅವರ ಮನೆಗೆ ಹೋಗಿ ಸುಲಿಯಬೇಕು. ನಮ್ಮದಾದ ಮೇಲೆ ಎದುರುಮನೆ ಚಿನ್ನಕ್ಕನದು, ಆಮೇಲೆ ನಿಂಗಕ್ಕನದು, ಹೀಗೇ ಬೀದಿಯ ಕೊನೆಯವರೆಗೆ.

ಎಲ್ಲರೂ ರಾಶಿಯ ಸುತ್ತ ಕೂತ ಮೇಲೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಒಂದು ಒಗಟು ಎಸೆಯುತ್ತಾರೆ. ಉತ್ತರ ಬಾರದವರ ಮುಂದೆ ಒಂದು ಮೊರ ಕಾಯಿ ಹೆಚ್ಚಿಗೆ ಸುರಿಯುತ್ತಾರೆ. ಅದನ್ನು ಸುಲಿದು ಮುಗಿಸದೆ ಏಳುವಂತಿಲ್ಲ. ಇದೇಕೆ ಹೀಗೆ ಎಂದು ಕೇಳಿದೆ. ಚಿನ್ನಕ್ಕ ಹೇಳಿದರು: "ಬಾಯಿ ಸುಮ್ಕಿದ್ರೆ ಬೀಜ ಒಳಕ್ಕೆ ಹೋಗ್ತಾವೆ ಕಣವ್ವ. ನಿಮ್ಮತ್ತೆಗೆ ಅತ್ತೆ ಇದ್ದಳಲ್ಲ, ಆಯಮ್ಮ ಹಾಕಿದ ರೂಲು."

ನನಗೆ ಬಂದ ಮೊದಲ ಒಗಟು: "ಬಾಗ್ಲಿಲ್ಲದ ಮನೆ. ಒಳಗೆ ಕೆಂಪು ಲಂಗದ ಅಕ್ಕ ತಂಗಿ. ಯಾರು?"

ನಾನು ತುಂಬ ಯೋಚಿಸಿ, "ಲೇಡೀಸ್ ಹಾಸ್ಟೆಲ್" ಎಂದೆ.

ಆ ನಗು ನಿಮಗೆ ಚಳ್ಳಕೆರೆಗೆ ಕೇಳಿಸಲಿಲ್ಲವೇ? ಚಿನ್ನಕ್ಕ ನನ್ನ ಕೈಯನ್ನೇ ಎತ್ತಿ ಎಲ್ಲರಿಗೂ ತೋರಿಸಿದರು. ಬೆರಳ ನಡುವೆ ಶೇಂಗಾ ಇತ್ತು. "ಉತ್ರಾನ ಕೈಯಾಗೇ ಹಿಡ್ಕಂಡು ಹುಡುಕ್ತಾಳಲ್ಲೇ!" ಒಂದು ಮೊರ ಬಿತ್ತು. ಮುಂದಿನದು: "ಊರೆಲ್ಲಾ ಸುತ್ತಿ ಬಂದು ಬಾಗ್ಲಾಚೆ ಮಲಗೋ ಅವಳಿ ಜವಳಿ?" ಚಪ್ಪಲಿ ಅಂತ ಈಗ ಗೊತ್ತು. ಆಗ ನಾನು, "ಶಶಿ ಮತ್ತು ಅವರ ಬೈಕು" ಎಂದುಬಿಟ್ಟೆ. ಉತ್ತರ ತಪ್ಪಿದ್ದಕ್ಕೆ ಒಂದು ಮೊರ, ಗಂಡನ ಹೆಸರು ಹಿಡಿದು ಕರೆದದ್ದಕ್ಕೆ ಇನ್ನೊಂದು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು! ಮನೆಯಲ್ಲಿ ನಾಲ್ಕು ಮಾತಾಡುವ ನಮ್ಮ ಅತ್ತೆ!

ಆದರೆ ಅಪ್ಪ, ನನ್ನ ಹೆಬ್ಬೆರಳು! ಸೋಲುವುದು ನಾನೊಬ್ಬಳೇ ಆದ್ದರಿಂದ ನನ್ನ ಮುಂದಿನ ರಾಶಿ ದಿನದಿನಕ್ಕೂ ಬೆಳೆಯುತ್ತಿದೆ. ಉಗುರಿನ ಪಕ್ಕ ಬೊಬ್ಬೆ ಬಂದಿದೆ, ಪೆನ್ನು ಹಿಡಿದರೆ ಉರಿಯುತ್ತದೆ. ಅತ್ತೆಯವರ ಬೆರಳೂ ಬಿರಿದಿದೆ. ಆಗ ನನಗೆ ಹೊಳೆಯಿತು. ಜಿಲ್ಲೆಗೆಲ್ಲ ಶೇಂಗಾ ಸುಲಿಯುವ ಮೆಷಿನ್ ಮಾಡಿಕೊಡುವವರ ಮಗಳು ನಾನು, ಇಲ್ಲಿ ಕೂತು ಬೊಬ್ಬೆ ಎಣಿಸುತ್ತಿದ್ದೇನೆ! ಒಂದು ಪುಟ್ಟ ಮೆಷಿನ್ ಕಳಿಸಿ, ಅಪ್ಪ. ಬೀದಿಗೆಲ್ಲ ನಿಮ್ಮ ಹೆಸರು ಹೇಳಿ ಮೆರೆಯುತ್ತೇನೆ.

ಇಂತಿ ನಿಮ್ಮ ಬೊಬ್ಬೆಯ ಮಗಳು,
ರಶ್ಮಿತಾ

~

ಚಳ್ಳಕೆರೆ
17 ಮೇ 2025

ಚಿ. ರಶ್ಮಿತಾಳಿಗೆ ಆಶೀರ್ವಾದಗಳು.

ಕಾಗದ ಮುಟ್ಟಿತು. ಒತ್ತಕ್ಷರ ಅಲ್ಲಲ್ಲಿ ತಪ್ಪಿದೆ, ಪರವಾಗಿಲ್ಲ. ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚು.

ನಮ್ಮ ವರ್ಕ್‌ಶಾಪಿನ ಮಲ್ಲಿಕ್ ಗೂಡ್ಸ್ ಆಟೋದಲ್ಲಿ ಮೆಷಿನ್ ತರುತ್ತಾನೆ. ಇದು ಅಂಗಡಿಗೆ ಮಾಡುವ ಮಾದರಿಯಲ್ಲ. ಎಣ್ಣೆ ಗಿರಣಿಗಾದರೆ ಬೀಜ ಒಡೆದರೂ ನಡೆಯುತ್ತದೆ, ಬಿತ್ತನೆಗೆ ನಡೆಯುವುದಿಲ್ಲ. ಅದಕ್ಕಾಗಿ ಒಳಗೆ ಕಬ್ಬಿಣದ ಬದಲು ರಬ್ಬರ್ ಕೂರಿಸಿದ್ದೇನೆ. ಜರಡಿಯ ತೂತುಗಳನ್ನೆಲ್ಲ ನಾನೇ ಕೂತು ಅರ ಹಾಕಿ ನುಣುಪು ಮಾಡಿದ್ದೇನೆ. ಒಂದು ಬೀಜದ ಕೆಂಪು ಸಿಪ್ಪೆಯೂ ಸುಲಿಯಬಾರದು. ಕರೆಂಟು ಬೇಡ, ಹಿಡಿ ಹಿಡಿದು ತಿರುಗಿಸಿದರೆ ಸಾಕು. ತಿರುಗುವಾಗ ಒಳಗೆ ಕೈ ಹಾಕಬೇಡ.

ಈ ಕೆಲಸ ಎಷ್ಟು ಬೇಗ ಮುಗಿದರೆ ಅಷ್ಟು ಒಳ್ಳೆಯದು. ಬೀಗಿತ್ತಿಯವರು ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಲಿ.

ನಿನ್ನ ಅಪ್ಪ,
ಸೋಮಶೇಖರಪ್ಪ

ರಶ್ಮೀ, ನಿಂಗೆ ಇಷ್ಟ ಅಂತ ಅದಕ್ಕೆ ನವಿಲು ಬಣ್ಣ ಬಳಿದವ್ರೆ. ಒಣಗೈತೋ ಇಲ್ವೋ ಅಂತ ಉಣ್ಣೋದು ಬಿಟ್ಟು ಎದ್ದೆದ್ದು ನೋಡ್ಕಂಡು ಬಂದ್ರು. ನಂಗೆ ಇಷ್ಟು ವರ್ಷದಾಗೆ ಒಂದು ಸ್ಟೂಲಿಗೂ ಬಣ್ಣ ಬಳಿದುಕೊಟ್ಟಿಲ್ಲ. ಇರಲಿ.
ಅವ್ವ

~

ಮೊಳಕಾಲ್ಮೂರು
20 ಮೇ 2025

ಪ್ರೀತಿಯ ಅಪ್ಪ,

ಜಯ! ಜಯ! ಜಯ!

ಮಲ್ಲಿಕಣ್ಣ ಆಟೋದಿಂದ ಇಳಿಸುವಾಗಲೇ ಬೀದಿ ಸೇರಿತ್ತು. ನಿಂಗಕ್ಕ ಅದರ ಬಣ್ಣ ನೋಡಿ, "ಇದು ಮೆಷಿನ್ನೋ, ಗೌರಸಮುದ್ರದ ಮಾರಮ್ಮನಿಗೆ ಹೊರಟ ಹರಕೆಯೋ?" ಎಂದರು. ನಿಮ್ಮ ಅಳಿಯ ಅಂಗಿಯ ತೋಳು ಮಡಚಿ ಹಿಡಿ ತಿರುಗಿಸಿದರು. ನಾನು ಮೇಲಿನಿಂದ ಕಾಯಿ ಸುರಿದೆ. ಒಂದು ಕಡೆ ಹೊಟ್ಟು, ಒಂದು ಕಡೆ ಕೆಂಪು ಕೆಂಪು ಬೀಜ, ಒಂದೂ ಒಡೆದಿಲ್ಲ! ಇನ್ನೂ ವಾರಗಟ್ಟಲೆ ಆಗಬೇಕಿದ್ದ ಕೆಲಸ ಮಧ್ಯಾಹ್ನದ ಮುದ್ದೆ ಬೇಯುವಷ್ಟರಲ್ಲಿ ಮುಗಿಯಿತು. ಹೆಂಗಸರೆಲ್ಲ ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು. ನಾನು ಮೆರೆದೆ, ಅಪ್ಪ, ಚೆನ್ನಾಗಿ ಮೆರೆದೆ.

ಅತ್ತೆ ಒಂದು ಹಿಡಿ ಬೀಜ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಚೆನ್ನಾಗೈತೆ" ಎಂದರು. ಆಮೇಲೆ ಗೋಡೆಗೆ ಒರಗಿಸಿದ್ದ ಮೊರಗಳನ್ನೆಲ್ಲ ತೆಗೆದುಕೊಂಡು ಹೋಗಿ ಅಟ್ಟದ ಮೇಲಿಟ್ಟರು.

ನನ್ನ ಹೆಬ್ಬೆರಳು ನಿಮ್ಮ ಹೆಬ್ಬೆರಳಿಗೆ ಮುತ್ತು ಕಳಿಸಿದೆ.

ಇಂತಿ ಗೆದ್ದ ಮಗಳು,
ರಶ್ಮಿತಾ

~

ಮೊಳಕಾಲ್ಮೂರು
30 ಮೇ 2025

ಪ್ರೀತಿಯ ಅಪ್ಪ,

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದರೆ, ಬರೆಯಲು ಏನೂ ಆಗಲಿಲ್ಲ. ನಿಜವಾಗಿಯೂ ಏನೂ ಆಗಲಿಲ್ಲ. ಅದೇ ಸಮಸ್ಯೆ.

ನಮ್ಮ ಕಾಯಿ ಮುಗಿದ ಮರುದಿನದಿಂದ ಮುಯ್ಯಿ ಚಿನ್ನಕ್ಕನ ಮನೆಗೆ ಹೋಯಿತು. ಮಧ್ಯಾಹ್ನವಾದರೆ ಎದುರು ಪಡಸಾಲೆಯಿಂದ ಒಂದೇ ನಗು. ಈ ಕಡೆ ಅತ್ತೆ ಹೊಸಲಿನ ಹತ್ತಿರ ಕೂತು ಅಕ್ಕಿ ಆರಿಸುತ್ತಾರೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಾರೆ. "ಅತ್ತೆ, ನಾವೂ ಹೋಗೋಣ ಬನ್ನಿ" ಎಂದೆ. "ನಮ್ಮನೆ ಕೆಲ್ಸ ಮುಗಿಯೋವರ್ಗೂ ಅವರು ಬಂದಿದ್ರೆ ಅವರ ಮನೆಗೆ ನಾವು. ಈ ಸಲ ಅವರನ್ನ ನಡುವೇನೇ ಬಿಡ್ಸಿ ಮೆಷಿನ್ ಮುಗಿಸ್ತು. ನಾನ್ಯಾಕೆ ಹೋಗಾದು?" ಎಂದರು. ಅತ್ತ ಕಡೆಯಿಂದ ಯಾರೋ ಒಗಟು ಹೇಳಿದರು. ಯಾರಿಗೂ ಉತ್ತರ ಬರಲಿಲ್ಲ. ಅತ್ತೆ ತುಟಿಯೊಳಗೇ ಉತ್ತರ ಹೇಳಿದ್ದನ್ನು ನಾನು ನೋಡಿದೆ, ಅಪ್ಪ. ಹೇಳಿ, ಮತ್ತೆ ಅಕ್ಕಿಗೆ ಕೈ ಹಾಕಿದರು.

ಆದರೆ ಹೊನ್ನೂರಸ್ವಾಮಿಯವರ ಬಸ್ಸಿಗೆ ಭಾರ ಹೇರಬಾರದಲ್ಲ, ಅದಕ್ಕೆ ಒಳ್ಳೆಯ ಸುದ್ದಿಗೆ ಬರುತ್ತೇನೆ. ಮೊನ್ನೆ ರಾಂಪುರದ ಕಡೆ ಇರುವ ನಮ್ಮ ಇನ್ನೊಂದು ಹೊಲದ ಕಾಯಿ ಬಂದು ಬಿತ್ತು. ಅದನ್ನೂ ಸುಲಿಯಬೇಕು. ನಾನು ಮೆಷಿನ್ ಒರೆಸಿ ಸಿದ್ಧ ಮಾಡಲು ಹೋದರೆ, ಹಿಡಿಯೇ ಇಲ್ಲ! ತಿರುಗಿಸುವ ಹಿಡಿ! ಮನೆಯೆಲ್ಲ ಹುಡುಕಿದೆ. ಅತ್ತೆಯೂ ಹುಡುಕಿದರು, ಆದರೆ ಬಚ್ಚಲಲ್ಲಿ ಒಂದು ಸಲ ಇಣುಕಿ, "ಇಲ್ಲ ಬಿಡು" ಎಂದರು. ಬೇರೆ ದಾರಿಯಿಲ್ಲದೆ ಬೀದಿಗೆ ಹೇಳಿಕಳಿಸಿದೆವು. ಹೇಳಿ ಮುಗಿಯುವುದರೊಳಗೆ ಎಲ್ಲರೂ ಹಾಜರ್. ಅಟ್ಟದಿಂದ ಮೊರ ಇಳಿದವು. ನಾನು ನಾಲ್ಕು ಒಗಟು ಸೋತೆ.

ಹೊಸ ಹಿಡಿ ಕಳಿಸಿಕೊಡಿ, ಅಪ್ಪ. ಅವಸರವೇನೂ ಇಲ್ಲ.

ಇಂತಿ ನಿಮ್ಮ,
ರಶ್ಮಿತಾ

~

ಚಳ್ಳಕೆರೆ
2 ಜೂನ್ 2025

ಚಿ. ರಶ್ಮಿತಾಳಿಗೆ ಆಶೀರ್ವಾದಗಳು.

ಮೊಳದುದ್ದದ ಕಬ್ಬಿಣದ ಹಿಡಿ ಕಳೆದುಹೋಗುವ ವಸ್ತುವಲ್ಲ. ಮಂಚದ ಕೆಳಗೆ ನೋಡಿ. ಬೈಕಿನ ಪೆಟ್ಟಿಗೆಯಲ್ಲಿ ನೋಡಿ. ಸಿಗದಿದ್ದರೂ ಚಿಂತೆಯಿಲ್ಲ, ಮಲ್ಲಿಕ್ ಕೈಯಲ್ಲಿ ಹೊಸದನ್ನು ಕಳಿಸುತ್ತಿದ್ದೇನೆ. ಈ ಸಲ ತೆಗೆಯಲು ಬಾರದ ಹಾಗೆ ನಟ್ಟು ಬಿಗಿದು ಬರುತ್ತಾನೆ.

ಅವಸರವೇನೂ ಇಲ್ಲ ಎಂದು ಬರೆದಿದ್ದೀಯ. ಅವಸರ ಇದೆ. ಮಳೆ ಯಾವಾಗ ಬೇಕಾದರೂ ಬೀಳಬಹುದು.

ನಿನ್ನ ಅಪ್ಪ,
ಸೋಮಶೇಖರಪ್ಪ

~

ಮೊಳಕಾಲ್ಮೂರು
6 ಜೂನ್ 2025

ಪ್ರೀತಿಯ ಅಪ್ಪ,

ಮಲ್ಲಿಕಣ್ಣ ಬಂದರು, ಹಿಡಿ ಬಿಗಿದರು, ಒಂದು ಸುತ್ತು ತಿರುಗಿಸಿದರು. ಕಾಯಿ ಹಾಕಿದ ಹಾಗೇ ಕೆಳಗೆ ಬಿತ್ತು. ಬಗ್ಗಿ ನೋಡಿದರೆ ಜರಡಿಯೇ ಇಲ್ಲ!

ಮಲ್ಲಿಕಣ್ಣ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಯಾ ಅಲ್ಲಾ, ಜರಡಿ ನಡ್ಕಂಡು ಹೋಗಾಕೆ ಅದಕ್ಕೇನು ಕಾಲಾ ಐತೆ?" ಎಂದರು. ಅದನ್ನು ಕೇಳಿದ ಚಿನ್ನಕ್ಕ ಥಟ್ಟನೆ, "ಕಾಲಿಲ್ದೆ ಊರೂರು ಹೋಗೋದು, ಬಾಯಿಲ್ದೆ ಸುದ್ದಿ ಹೇಳೋದು, ಯಾವುದು ಹೇಳಣ್ಣ ಹಂಗಾರೆ?" ಎಂದು ಒಗಟು ಹಾಕಿಯೇಬಿಟ್ಟರು. ಪಾಪ, ಅವರ ಜೇಬಿನಲ್ಲೇ ನೀವು ಬರೆದ ಕಾಗದ ಇತ್ತು. ಅವರು "ಮೊಬೈಲು" ಎಂದರು. "ಮೊಬೈಲಿಗೆ ಬಾಯಿಲ್ವಾ? ದಿನಾ ಹೊಡ್ಕಂತೈತೆ!" ಎಂದು ಒಂದು ಮೊರ ಸುರಿದರು. ನಿಮ್ಮ ಮೆಕ್ಯಾನಿಕ್ಕು ಮೆಷಿನ್ ರಿಪೇರಿಗೆ ಬಂದು ಸಂಜೆಯವರೆಗೆ ಕೈಯಲ್ಲಿ ಶೇಂಗಾ ಸುಲಿದು ಹೋದರು. ಹೋಗುವಾಗ, "ಇನ್ನೊಂದ್ಸಲ ಕೆಟ್ಟರೆ ನನ್ನೇ ಕಳ್ಸೋಕೆ ಹೇಳಮ್ಮ" ಎಂದರು. ಅದಕ್ಕೇ ಅವತ್ತು ವರ್ಕ್‌ಶಾಪಿಗೆ ತಡವಾಗಿದ್ದು. ಬೈಯಬೇಡಿ.

ಜರಡಿ ಏನಾಯಿತೋ ನನಗೂ ಗೊತ್ತಿಲ್ಲ. ಗೊತ್ತಾದರೆ ಬರೆಯುತ್ತೇನೆ.

ಇಂತಿ ನಿಮ್ಮ,
ರಶ್ಮಿತಾ

~

ಚಳ್ಳಕೆರೆ
9 ಜೂನ್ 2025

ರಶ್ಮಿತಾ,

ನಾನು ಈ ಕೆಲಸದಲ್ಲಿ ಕೂದಲು ಬೆಳ್ಳಗಾದವನು. ನಾನು ಮಾಡಿದ ಮೆಷಿನ್ನಿನ ಹಿಡಿ, ಜರಡಿ ತಾವಾಗಿಯೇ ಹೋಗುವುದಿಲ್ಲ. ಬೀಜ ಏನಾದರೂ ಒಡೆಯಿತೇ? ಬೀಗಿತ್ತಿಯವರಿಗೆ ನಾನು ಮಾಡಿದ್ದು ಸರಿಬರಲಿಲ್ಲವೇ? ಹಾಗಿದ್ದರೆ ಸೀದಾ ಹೇಳು. ಮಲ್ಲಿಕ್‌ನನ್ನು ಕಳಿಸಿ ವಾಪಸ್ ತರಿಸಿಕೊಳ್ಳುತ್ತೇನೆ.

ನಿನಗೆ ಹೇಳಿರಲಿಲ್ಲ. ನಿನ್ನ ಅಜ್ಜಿ ಬೇಸಿಗೆಯೆಲ್ಲ ಶೇಂಗಾ ಸುಲಿಯುತ್ತಿದ್ದಳು. ಹೆಬ್ಬೆರಳಿನ ಉಗುರು ಕಪ್ಪಾಗಿ ರೊಟ್ಟಿ ತಟ್ಟಲು ಆಗುತ್ತಿರಲಿಲ್ಲ. ಆ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನಗೆ ಬಡಿಸುತ್ತಿದ್ದಳು. ನಾನು ಮಾಡಿದ ಮೊದಲ ಮೆಷಿನ್ ಆ ಬೆರಳಿಗಾಗಿ. ಅದು ತಯಾರಾಗುವ ಹೊತ್ತಿಗೆ ಅವಳು ಇರಲಿಲ್ಲ. ನಿನ್ನ ಕಾಗದದಲ್ಲಿ ಬೊಬ್ಬೆಯ ಸುದ್ದಿ ಓದಿದಾಗ ಈ ಸಲವಾದರೂ ಸಮಯಕ್ಕೆ ಸರಿಯಾಗಿ ಕೊಟ್ಟೆ ಅಂದುಕೊಂಡಿದ್ದೆ.

ಸೋಮಶೇಖರಪ್ಪ

~

ಮೊಳಕಾಲ್ಮೂರು
12 ಜೂನ್ 2025

ನನ್ನ ಪ್ರೀತಿಯ, ಬಂಗಾರದ ಅಪ್ಪ,

ನಿಮ್ಮ ಕಾಗದವನ್ನು ಅಡುಗೆಮನೆಯಲ್ಲಿ ನಿಂತು ಓದಿದೆ, ಹಿತ್ತಲಲ್ಲಿ ಕೂತು ಓದಿದೆ. ಒಂದು ಬೀಜವೂ ಒಡೆಯಲಿಲ್ಲ, ಅಪ್ಪ. ಮೊದಲು ಅದನ್ನು ಕೇಳಿಸಿಕೊಳ್ಳಿ. ಮೆಷಿನ್ನಿನಲ್ಲಿ ಒಂದೇ ಒಂದು ದೋಷವಿಲ್ಲ. ಈಗ ನಿಜ ಹೇಳುತ್ತೇನೆ. ನಿನ್ನೆಯಷ್ಟೇ ನನಗೂ ಗೊತ್ತಾಯಿತು.

ಜರಡಿ ಚಿನ್ನಕ್ಕನ ಮಾಳಿಗೆಯ ಮೇಲೆ ಸಿಕ್ಕಿತು. ಅದರ ಮೇಲೆ ಸಂಡಿಗೆ ಒಣಗಿಸಿದ್ದರು. ನಾನು ನೋಡುತ್ತ ನಿಂತದ್ದನ್ನು ನೋಡಿ ಚಿನ್ನಕ್ಕ ಒಂದಿಷ್ಟೂ ಅಳುಕದೆ, "ನಿಮ್ಮಪ್ಪ ಬಲೇ ಚೆಂದ ಮಾಡವ್ರೆ ಕಣೇ, ಗಾಳಿ ಎರಡೂ ಕಡೆ ಆಡ್ತೈತೆ, ಸಂಡಿಗೆ ಹಪ್ಪಳದಂಗೆ ಒಣಗ್ತಾವೆ" ಎಂದರು. ಹಿಡಿ ಸಿಕ್ಕಿದ್ದು ನಮ್ಮ ಮನೆಯಲ್ಲೇ, ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಗೆ. ರಾಗಿ ತೋಡಲು ಕೈ ಹಾಕಿದರೆ ತಣ್ಣಗೆ ಏನೋ ತಾಕಿತು. ಹಾವೆಂದು ಕಿರುಚಿಕೊಂಡೆ. ಅತ್ತೆ ಓಡಿ ಬಂದರು. ನನ್ನ ಕೈಯಲ್ಲಿ ಹಿಡಿ ನೋಡಿ ನಿಂತುಬಿಟ್ಟರು.

"ಸಿಕ್ತಾ?" ಎಂದರು.

"ಸಿಕ್ತು, ಅತ್ತೆ."

ಅವರು ಗೋಣಿಚೀಲದ ಮೇಲೆ ಕೂತರು. ನಾನೂ ಕೂತೆ. ಆಮೇಲೆ ಅತ್ತೆ ನನ್ನೊಡನೆ ಮನೆಯೊಳಗೆ ಮೊದಲ ಸಲ ಮನಸು ಬಿಚ್ಚಿ ಮಾತಾಡಿದರು.

"ನಿಮ್ಮಪ್ಪ ಬಣ್ಣ ಬಳಿದು ಕಳ್ಸವ್ರೆ. ಬ್ಯಾಡ ಅಂದ್ರೆ ಬೀಗರ ಮನಸು ನೋಯ್ತೈತೆ. ಕೆಟ್ಟೋಯ್ತು ಅಂದ್ರೆ ಯಾರ ಮನಸೂ ನೋಯಲ್ಲ ಅಂದ್ಕಂಡೆ. ಮೆಷಿನ್ನಿಗೇನು ಮನಸೈತಾ?"

"ನಿಮಗೆ ಶೇಂಗಾ ಸುಲಿಯೋದು ಅಷ್ಟು ಇಷ್ಟಾನಾ, ಅತ್ತೆ?"

"ಯಾರಿಗಾದ್ರೂ ಇಷ್ಟ ಆಗ್ತೈತೇನೇ ಅದು? ಬೆರಳು ನೋಯ್ತೈತೆ, ಸೊಂಟ ಹಿಡ್ಕಂತೈತೆ. ಆದ್ರೆ ನೋಡು, ಸುಮ್ಕೆ ಹೋಗಿ ಒಬ್ಬರ ಮನೇಲಿ ಕೂತ್ರೆ 'ಇವಳ್ಯಾಕೆ ಬಂದಳು' ಅಂತಾರೆ. ಮೊರ ಹಿಡ್ಕಂಡು ಹೋದ್ರೆ ಯಾರೂ ಕೇಳಲ್ಲ. ವರ್ಷಕ್ಕೊಂದು ಸಲ ನಾನು ಬಾಯಿತುಂಬ ನಗಾದು. ಈ ವರ್ಷ ಅದೂ ಮುದ್ದೆ ಬೇಯೋದ್ರೊಳಗೆ ಮುಗಿದೋಯ್ತು."

ಅಪ್ಪ, ನಾನು ಏನು ಹೇಳಲಿ? ಬೊಬ್ಬೆ ಬಂದದ್ದು ಬೆರಳಿಗೆ, ನಾನು ಔಷಧಿ ಹಾಕಿ ಕೊಂದದ್ದು ನಗುವನ್ನು. ನಾನೂ ಆ ಹಿಡಿಯನ್ನು ಮತ್ತೆ ರಾಗಿಯೊಳಗೇ ಹೂತೆ. ಮಲ್ಲಿಕಣ್ಣ ಬಿಗಿದುಹೋದ ಹೊಸ ಹಿಡಿಯ ನಟ್ಟನ್ನು ನಿಮ್ಮ ಅಳಿಯ ಬಿಚ್ಚಿಕೊಟ್ಟರು. ಈಗ ಕಳ್ಳರ ಗುಂಪಿನಲ್ಲಿ ನಾವೂ ಇದ್ದೇವೆ. ಆದರೆ ನಿಮಗೆ ಸುಳ್ಳು ಹೇಳಲು ನನಗಾಗಲಿಲ್ಲ. ಅತ್ತೆಗೆ ನಿಮ್ಮ ಕಾಗದವನ್ನು ಓದಿ ಹೇಳಿದೆ, ಅಜ್ಜಿಯ ಬೆರಳಿನ ವಿಷಯ ಸಮೇತ. ಅವರು ಹೇಳಿದರು: "ಕೇಳು ನಿಮ್ಮಪ್ಪನ್ನ. ಆಯಮ್ಮ ಒಬ್ಬಳೇ ಕೂತು ಸುಲೀತಿದ್ದಳಾ, ಎಲ್ಲರ ಜೊತೆಗಾ?"

ಹೇಳಿ, ಅಪ್ಪ. ಒಬ್ಬರೇನಾ, ಎಲ್ಲರ ಜೊತೆಗಾ?

ನಿಮಗೆ ಬೇಸರವಾಗಿದ್ದರೆ ನನ್ನ ಮೇಲಿರಲಿ, ಅತ್ತೆಯ ಮೇಲೆ ಬೇಡ. ಅವರು ನಿಮಗೆ ಒಂದು ಒಗಟು ಕಳಿಸಿದ್ದಾರೆ. ಬೀಗರಿಗೆ ಒಗಟು ಹಾಕುವುದು ಮರ್ಯಾದೆಯಂತೆ. "ಎಷ್ಟು ಸುಲಿದ್ರೂ ಸಿಪ್ಪೆ ಬೀಳಲ್ಲ. ಎಷ್ಟು ತಿಂದ್ರೂ ಹೊಟ್ಟೆ ತುಂಬಲ್ಲ. ಒಬ್ಬರೇ ಕೂತ್ರೆ ಹುಟ್ಟೋದೇ ಇಲ್ಲ. ಏನದು?" ಉತ್ತರ ಬಾರದಿದ್ದರೆ ಒಂದು ಮೊರ. ಚಳ್ಳಕೆರೆಯವರಿಗೂ ರಿಯಾಯಿತಿ ಇಲ್ಲ.

ಇಂತಿ ನಿಮ್ಮ ಕಳ್ಳಿ,
ರಶ್ಮಿತಾ

~

ಚಳ್ಳಕೆರೆ
16 ಜೂನ್ 2025

ಚಿ. ರಶ್ಮಿತಾಳಿಗೆ,

ಗಾಳಿ.

ಸೋಮಶೇಖರಪ್ಪ

ರಶ್ಮೀ, ಇಷ್ಟೇ ಬರೆದವ್ರೆ ಅಂತ ಹೆದರ್ಕಬೇಡ. ಮೊದ್ಲು ಈರುಳ್ಳಿ ಅಂತ ಬರೆದು ಹರಿದಾಕಿದ್ರು. ಆಮೇಲೆ ಮಲ್ಲಿಕ್‌ನ ಕೇಳಿದ್ರು, ಪಕ್ಕದ ಗಿರಣಿ ಮಹಾಂತೇಶನ್ನ ಕೇಳಿದ್ರು. ಎರಡು ದಿನದಿಂದ ವೆಲ್ಡಿಂಗ್ ಮಾಡ್ತಾ ಮಾಡ್ತಾ ಯೋಚ್ನೆ ಮಾಡ್ತಾವ್ರೆ. ನಂಗೆ ಉತ್ತರ ಗೊತ್ತೈತೆ. ನನ್ನನ್ನ ಕೇಳಿಲ್ಲ, ಅದಕ್ಕೆ ಹೇಳಿಲ್ಲ.
ಅವ್ವ

~

ಮೊಳಕಾಲ್ಮೂರು
18 ಜೂನ್ 2025

ಪ್ರೀತಿಯ ಅಪ್ಪ,

ತಪ್ಪು! ತಪ್ಪು! ತಪ್ಪು!

ನಿಮ್ಮ ಉತ್ತರವನ್ನು ನಾನು ಪಡಸಾಲೆಯಲ್ಲಿ ಎಲ್ಲರ ಮುಂದೆ ಓದಿದೆ. "ಗಾಳಿ ಒಬ್ಬರೇ ಕೂತ್ರೂ ಬೀಸ್ತೈತಲ್ಲ ಬೀಗ್ರೇ!" ಎಂದು ಚಿನ್ನಕ್ಕ ನೀವು ಎದುರಿಗೇ ಇದ್ದೀರೇನೋ ಎಂಬ ಹಾಗೆ ಕೂಗಿದರು. ಅತ್ತೆ ತಾವೇ ಎದ್ದು ಒಂದು ಮೊರ ತುಂಬ, ಗೋಪುರ ಬರುವ ಹಾಗೆ ಕಾಯಿ ತುಂಬಿ ಚೀಲಕ್ಕೆ ಸುರಿದರು. ಹೊನ್ನೂರಸ್ವಾಮಿಯವರ ಕೈಯಲ್ಲಿ ಈ ಕಾಗದದ ಜೊತೆ ಬರುತ್ತದೆ. ಅವರು ಚೀಲ ಎತ್ತಿ ನೋಡಿ, "ಒಳ್ಳೆ ಸುದ್ದಿ ಬರಿ ಅಂದ್ರೆ ಮೂಟೆ ಬರೀತೀಯಲ್ಲಮ್ಮ" ಎಂದರು. ಬೀಜ ಒಡೆಯದ ಹಾಗೆ ಸುಲಿದು ವಾಪಸ್ ಕಳಿಸಬೇಕು, ಬಿತ್ತನೆಯ ಬೀಜ. ಮೆಷಿನ್ ಮುಟ್ಟುವಂತಿಲ್ಲ. ಒಬ್ಬರೇ ಕೂತು ಸುಲಿಯುವಂತೆಯೂ ಇಲ್ಲ. ಇದು ಅತ್ತೆಯ ಆಜ್ಞೆ.

ಇನ್ನೊಂದು ಸುದ್ದಿ, ಕೂತಿದ್ದರೆ ಗಟ್ಟಿಯಾಗಿ ಕೂತುಕೊಳ್ಳಿ: ನಾನು ಒಂದು ಒಗಟು ಗೆದ್ದೆ! ನಾನೇ ಕಟ್ಟಿದ್ದು. "ಚಳ್ಳಕೆರೆಯಲ್ಲಿ ಹುಟ್ಟಿದ್ದು, ಮೊಳಕಾಲ್ಮೂರು ಸೇರಿದ್ದು, ಬಂದ ದಿನವೇ ಮನೆಯ ಕೆಲಸವನ್ನೆಲ್ಲ ಮುಗಿಸಿದ್ದು. ಯಾರು?" ಎಂದೆ. ನಿಂಗಕ್ಕ, "ನೀನಂತೂ ಅಲ್ಲ ಬಿಡು, ನೀನು ಯಾವ ಕೆಲ್ಸಾನ ಮುಗ್ಸಿದ್ದೀಯ?" ಎಂದರು. ಹೆಂಗಸರೆಲ್ಲ ನಗುತ್ತ ಉಳಿದರೇ ಹೊರತು ಯಾರಿಗೂ ಹೊಳೆಯಲಿಲ್ಲ. ಅದು ಅವರ ಬೆನ್ನ ಹಿಂದೆಯೇ ಮೂಲೆಯಲ್ಲಿ ನವಿಲು ಬಣ್ಣ ಬಳಿದುಕೊಂಡು ನಿಂತಿತ್ತು. ಎಲ್ಲರಿಗೂ ಒಂದೊಂದು ಮೊರ! ಇಂಥ ಸುಖವನ್ನು ನಾನು ರ‍್ಯಾಂಕ್ ಬಂದಾಗಲೂ ಪಟ್ಟಿಲ್ಲ.

ಆದರೆ ಅಪ್ಪ, ನೀವು ನನ್ನ ಪ್ರಶ್ನೆಗೆ ಉತ್ತರ ಬರೆಯಲಿಲ್ಲ. ನಾನು ಕಾಯುತ್ತಿದ್ದೇನೆ. ಅತ್ತೆ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಬಸ್ಸಿನ ಹಾರ್ನ್ ಕೇಳಿದರೆ ಅವರೂ ಹೊಸಲಿಗೆ ಬರುತ್ತಾರೆ.

ಇಂತಿ ನಿಮ್ಮ,
ರಶ್ಮಿತಾ

~

ಚಳ್ಳಕೆರೆ
29 ಜೂನ್ 2025

ಚಿ. ರಶ್ಮಿತಾಳಿಗೆ ಆಶೀರ್ವಾದಗಳು.

ಬೀಜ ಕಳಿಸಿದ್ದೇನೆ. ಒಂದೂ ಒಡೆದಿಲ್ಲ, ಎಣಿಸುವವರು ಎಣಿಸಬಹುದು. ಸ್ವಲ್ಪ ಕಡಿಮೆ ಬಂದರೆ ನಿನ್ನ ಅವ್ವನನ್ನು ಕೇಳು. ಅವಳ ಬಾಯಿ ಸುಮ್ಮನಿರಲಿಲ್ಲ ನಿಜ, ಆದರೂ ಹೋಗಿವೆ.

ಮೊದಲ ದಿನ ನಾನೊಬ್ಬನೇ ಕೂತೆ. ಬೇಗ ಮುಗಿಸಿ ಕಳಿಸೋಣವೆಂದು. ಒಂದು ಹಿಡಿ ಆಗುವಷ್ಟರಲ್ಲಿ ಬೇಸರ ಬಂತು. ಎರಡನೆಯ ದಿನ ನಿನ್ನ ಅವ್ವ ಬಂದು ಎದುರಿಗೆ ಕೂತಳು. ಮದುವೆಯಾದ ಹೊಸದರಲ್ಲಿ ನಾನು ಅವಳನ್ನು ಜಟಿಂಗ ರಾಮೇಶ್ವರಕ್ಕೆ ಕರೆದುಕೊಂಡು ಹೋಗಿ, ಬೆಟ್ಟ ಹತ್ತುವಾಗ ಹಿಂದೆ ತಿರುಗಿ ನೋಡದೆ ಬೇರೆ ಯಾರದೋ ಹೆಂಡತಿಯ ಜೊತೆ ಅರ್ಧ ದಾರಿ ಮಾತಾಡುತ್ತ ಹೋದೆನಂತೆ. ಆ ಹೆಂಗಸೂ ಹೂಂಗುಡುತ್ತಿದ್ದಳಂತೆ. ನನಗೆ ಇದು ನೆನಪೇ ಇಲ್ಲ. ಇಬ್ಬರೂ ನಕ್ಕೆವು. ಮಲ್ಲಿಕ್ ಬಂದು ಏನಾಯಿತೆಂದು ಕೇಳಿದ. ಅವನೂ ಕೂತ. ಹೀಗೆ ಒಂದು ಮೊರ ಶೇಂಗಾಕ್ಕೆ ವಾರ ಮೀರಿತು.

ಒಗಟಿನ ಉತ್ತರ ಗೊತ್ತಾಯಿತು. ನಿನ್ನ ಅವ್ವ ಹೇಳಿಕೊಡಲಿಲ್ಲ. ಅವಳು ಮಾತಾಡುತ್ತಿದ್ದಳು, ಆಗ ಹೊಳೆಯಿತು. ಹರಟೆ. ಬೀಗಿತ್ತಿಯವರಿಗೆ ತಿಳಿಸು.

ನಿನ್ನ ಪ್ರಶ್ನೆಗೆ ಉತ್ತರ: ಎಲ್ಲರ ಜೊತೆ. ನಿನ್ನ ಅಜ್ಜಿ ಎಲ್ಲರ ಜೊತೆ ಕೂತು ಸುಲಿಯುತ್ತಿದ್ದಳು. ಹಾಡು ಹೇಳಿಕೊಡುತ್ತಿದ್ದವಳೇ ಅವಳು. ನನಗೆ ಬೆರಳು ನೆನಪಿತ್ತು, ಹಾಡು ಮರೆತುಹೋಗಿತ್ತು. ಮೊನ್ನೆ ಸುಲಿಯುವಾಗ ಒಂದು ಸಾಲು ಬಂತು. ಇನ್ನೊಂದು ಮೊರ ಕಳಿಸಿದರೆ ಮುಂದಿನ ಸಾಲೂ ಬರಬಹುದು.

ಮೆಷಿನ್ ಅಲ್ಲೇ ಇರಲಿ. ಮಾರುವ ಕಾಯಿಗೆ ಬಳಸಿ. ಹಿಡಿಗಳನ್ನು ರಾಗಿಯಿಂದ ತೆಗೆದು ಒರೆಸಿಡಿ, ತುಕ್ಕು ಹಿಡಿಯುತ್ತದೆ. ಚಿನ್ನಕ್ಕನವರಿಗೆ ಸಂಡಿಗೆಗೆಂದೇ ಬೇರೆ ಜರಡಿ ಮಾಡುತ್ತಿದ್ದೇನೆ.

ಈ ಕಾಗದದ ಜೊತೆ ಒಂದು ಸಣ್ಣ ಗಂಟು ಇದೆ. ಬಿಚ್ಚಿ ನೋಡು. ಸುಲಿದು ಸುಲಿದು ನನ್ನ ಹೆಬ್ಬೆರಳಿಗೂ ಬೊಬ್ಬೆ ಬಂತು. ಆ ಬೊಬ್ಬೆ ನೋಡಿಕೊಂಡು ಇವನ್ನು ಮಾಡಿದೆ. ಹೆಬ್ಬೆರಳಿಗೆ ಹಾಕಿಕೊಳ್ಳುವ ತಗಡಿನ ಟೋಪಿ. ಒಳಗೆ ಮೆತ್ತನೆಯ ಚರ್ಮ ಇದೆ, ಅಂಚು ಮಡಚಿದ್ದೇನೆ, ಕೊಯ್ಯುವುದಿಲ್ಲ. ನಿಮ್ಮ ಬೀದಿಯವರಿಗೆಲ್ಲ ಸಾಲುವಷ್ಟಿವೆ. ನವಿಲು ಬಣ್ಣದ್ದು ಬೀಗಿತ್ತಿಯವರಿಗೆ.

ಬೆರಳು ನೋಯುವುದಿಲ್ಲ. ಆದರೆ ಬೀಗಿತ್ತಿಯವರು ಹೆದರುವುದು ಬೇಡ. ಹಾಕಿಕೊಂಡು ಸುಲಿದು ನೋಡಿದ್ದೇನೆ. ಇದರಿಂದ ಕೆಲಸ ಒಂದಿಷ್ಟೂ ಬೇಗ ಮುಗಿಯುವುದಿಲ್ಲ.

ನಿನ್ನ ಅಪ್ಪ,
ಸೋಮಶೇಖರಪ್ಪ